ಒಂದು ಸಲಕ್ಕೆ ಒಂದೇ ಸಾಲು

೬ ಜನವರಿ ೧೯೮೬

ಈ ಪುಸ್ತಕವನ್ನು ಕನ್ನಡದಲ್ಲೇ ಬರೆಯುತ್ತೇನೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕಾನ್ವೆಂಟಿನಲ್ಲಿ ಬೇರೆ ಭಾಷೆ ಬಾಯಿಗೆ ಬಂದರೆ ಕೈಮೇಲೆ ಫುಟ್‌ರೂಲು ಬೀಳುತ್ತಿತ್ತು. ಮನೆಯ ಮಾತು ಕೊಂಕಣಿ. ಆದರೆ ಅಣ್ಣ ಎಡ್ಮಂಡ್ ಇಂಗ್ಲಿಷ್ ಓದುತ್ತಾನೆ, ಕೊಂಕಣಿಯನ್ನೂ ರೋಮನ್ ಅಕ್ಷರದಲ್ಲಿ ಓದುತ್ತಾನೆ. ಬೊಂಬಾಯಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಅವನಿಗೆ ಕನ್ನಡದ ಅಕ್ಷರ ಬಾರದು. ಬಸ್ಸಿನ ಬೋರ್ಡನ್ನೂ ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಾನೆ. ಹಾಗಾಗಿ ಕನ್ನಡ.

ಇವತ್ತು ಮಣಿಪಾಲದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಕಾರ್ಕಳದಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದ ಇನ್‌ಸ್ಟಿಟ್ಯೂಟ್ ಮುಚ್ಚಿ ಆರು ತಿಂಗಳಾಯಿತು. ನಲವತ್ತನಾಲ್ಕು ವಯಸ್ಸಿಗೆ ಬೇರೆ ಯಾರೂ ನನ್ನನ್ನು ತೆಗೆದುಕೊಳ್ಳುವುದಿಲ್ಲ. ಕಲಿಸುವವನ ಹೆಸರು ದೇವದಾಸ. ಮೀಸೆ ಈಗಷ್ಟೇ ದಪ್ಪವಾಗಿದೆ.

"ಮಗಳನ್ನು ಸೇರಿಸ್ಲಿಕ್ಕೆ ಬಂದದ್ದಾ ಮೇಡಂ?"

"ಇಲ್ಲ. ನಾನೇ."

ಅವನು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಕೂತ್ಕೊಳ್ಳಿ. ಕೀಬೋರ್ಡಿಗೆ ನಿಮ್ಮ ವಯಸ್ಸು ಗೊತ್ತಾಗುವುದಿಲ್ಲ."

ಏಪ್ರಿಲ್ ಒಂದಕ್ಕೆ ಪರೀಕ್ಷೆ. ಅದರಲ್ಲಿ ಮೊದಲು ಬಂದವರನ್ನು ಒಂದು ಆಸ್ಪತ್ರೆಯವರು ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ. ರೋಗಿಗಳ ಹೆಸರುಗಳನ್ನು ಯಂತ್ರದಲ್ಲಿ ಜೋಡಿಸಬೇಕು. ಆ ಕೆಲಸ ಸಿಕ್ಕಿದರೆ ನನಗೇ ಒಂದು ಕೋಣೆ ಮಾಡಿಕೊಳ್ಳಬಹುದು. ಇದನ್ನು ಬರೆಯುವಾಗಲೂ ಬಾಗಿಲ ಕಡೆ ನೋಡಿದೆ.

ಮನೆಗೆ ಬರುವಾಗ ಕತ್ತಲೆಯಾಗಿತ್ತು. ಎಡ್ಮಂಡ್ ಜಗಲಿಯಲ್ಲಿ ನಿಂತಿದ್ದ. ಬಸ್ಸು ತಡವಾಯಿತು ಎಂದು ಹೇಳುತ್ತಾ ಅವನ ಎಡಗಡೆಯಿಂದ ಒಳಗೆ ಹೋದೆ. ಎರಡು ವರ್ಷದ ಹಿಂದೆ ಅವನ ಕಲ್ಲಿನ ಕೋರೆಯಲ್ಲಿ ಮದ್ದು ಸಮಯಕ್ಕೆ ಮೊದಲೇ ಸಿಡಿದು ಆ ಕಿವಿ ಹೋಯಿತು. ನಾನು ಮಾತಾಡದೆ ದಾಟಿ ಹೋದೆ ಎಂದುಕೊಂಡಿರಬೇಕು. ಕೂದಲು ಹಿಡಿದು ತಲೆಯನ್ನು ಬಾಗಿಲ ದಾರಂದಕ್ಕೆ ಬಡಿದ. ಮತ್ತೊಮ್ಮೆ ಬಡಿದ. ಹುಬ್ಬು ಒಡೆಯಿತು.

ತಪ್ಪು ನನ್ನದೇ. ಬಲಗಡೆ ನಿಲ್ಲಬೇಕಿತ್ತು.

೧೪ ಜನವರಿ

ಕ್ಲಾಸಿನಲ್ಲಿ ಎರಡೇ ಯಂತ್ರಗಳು. ಪರದೆಯ ಮೇಲೆ ಹಸಿರು ಅಕ್ಷರ ಬೀಳುತ್ತದೆ. ಕರೆಂಟು ಹೋದರೆ ಬರೆದದ್ದೆಲ್ಲ ಹೋಯಿತು. ಹಾಗಾಗಿ ಮೊದಲು ಕಾಗದದ ಮೇಲೆ ಬರೆದು, ಯಂತ್ರ ಮಾಡುವ ಕೆಲಸವನ್ನು ನಾವೇ ಸಾಲುಸಾಲಾಗಿ ಮಾಡಿ ನೋಡಬೇಕು. ಇದಕ್ಕೆ ದೇವದಾಸ 'ಕೈಯಲ್ಲಿ ಓಡಿಸುವುದು' ಎನ್ನುತ್ತಾನೆ. ಕೈಯಲ್ಲಿ ಓಡಿಸದವರನ್ನು ಯಂತ್ರದ ಹತ್ತಿರ ಬಿಡುವುದಿಲ್ಲ.

ನನ್ನ ಪ್ರೊಗ್ರಾಂ ಇವತ್ತು ನಡುವೆ ನಿಂತುಹೋಯಿತು. ಯಂತ್ರ ಕೆಟ್ಟಿರಬೇಕು ಎಂದೆ. ಹಿಂದಿನ ಬೆಂಚಿನಲ್ಲಿ ಸಲಾಂ ನಕ್ಕ. ಉಡುಪಿಯಲ್ಲಿ ಅವನ ತಂದೆಗೆ ಚಪ್ಪಲಿ ಅಂಗಡಿ ಉಂಟು. ಬಾಯಿ ಸುಮ್ಮನಿರುವ ಹುಡುಗನಲ್ಲ.

"ಯಂತ್ರ ತಪ್ಪು ಮಾಡುವುದಿಲ್ಲ ಮೇಡಂ," ಎಂದ ದೇವದಾಸ. "ತಪ್ಪು ನಿಮ್ಮ ಸಾಲಿನಲ್ಲಿ ಉಂಟು. ಹುಡುಕಿ."

ಅವಸರದಲ್ಲಿ ಎರಡು ಸಾಲುಗಳನ್ನು ತಿದ್ದಿದೆ. ಓಡಿತು. ಸಂತೋಷವಾಯಿತು. ಅವನಿಗೆ ಆಗಲಿಲ್ಲ.

"ಯಾವ ಸಾಲಿನಿಂದ ಸರಿಯಾಯಿತು?"

"ಗೊತ್ತಿಲ್ಲ."

"ಹಾಗಾದ್ರೆ ಎಂತ ಕಲಿತ ಹಾಗಾಯಿತು? ಒಂದು ಸಲಕ್ಕೆ ಒಂದೇ ಸಾಲು. ಎರಡು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ."

ಬಸ್ಸಿನಲ್ಲಿ ಹಿರಿಯಡ್ಕ ದಾಟುವವರೆಗೂ ಇದನ್ನೇ ಯೋಚಿಸುತ್ತಿದ್ದೆ. ಇಷ್ಟು ವರ್ಷ ಮನೆಯಲ್ಲಿ ನಾನು ಎಲ್ಲವನ್ನೂ ಒಟ್ಟಿಗೇ ಬದಲಾಯಿಸಲು ನೋಡಿದ್ದೇನೆ. ಊಟದ ಸಮಯ, ನನ್ನ ಸ್ವರ, ರೇಡಿಯೋ, ಎಲ್ಲ. ಯಾವುದರಿಂದ ಅವನಿಗೆ ಸಿಟ್ಟು ಬರುತ್ತದೆ ಎಂದು ತಿಳಿಯದೇ ಇದ್ದದ್ದು ಅದಕ್ಕೇ ಇರಬಹುದು. ಒಂದೊಂದಾಗಿ ಮಾಡಿ ನೋಡಬೇಕು. ಮೊದಲು ಕಿವಿ.

೨೩ ಜನವರಿ

ವಾರದಿಂದ ಬಲಗಡೆಯಿಂದಲೇ ಮಾತಾಡುತ್ತಿದ್ದೆ. ಅವನು ಕೈ ಎತ್ತಿರಲಿಲ್ಲ. ಕಿವಿಯೇ ಕಾರಣ, ಸಿಕ್ಕಿತು ಎಂದುಕೊಂಡಿದ್ದೆ.

ಇವತ್ತೂ ಬಲಗಡೆಯೇ ನಿಂತಿದ್ದೆ. ಸ್ಪಷ್ಟವಾಗಿಯೇ ಹೇಳಿದೆ. "ಮೀನು ಸಿಗಲಿಲ್ಲ, ಮೊಟ್ಟೆ ಮಾಡಿದ್ದೇನೆ." ಕೇಳಿಸಿತು, ಏಕೆಂದರೆ ಮೊಟ್ಟೆಯಾ ಎಂದು ತಿರುಗಿ ಕೇಳಿದ. ಆಮೇಲೆ ಪಿಂಗಾಣಿ ತಟ್ಟೆಯನ್ನು ನನ್ನ ಮುಖಕ್ಕೆ ಎಸೆದ. ತುಟಿ ಸೀಳಿತು. ಕೆಳಗೆ ಬಿದ್ದ ಚೂರುಗಳನ್ನು ಹೆಕ್ಕುವಾಗ ಚಪ್ಪಲಿ ಕಾಲಿನಿಂದ ನನ್ನ ಕೈ ಮೆಟ್ಟಿ ದಾಟಿದ.

ಬಹುಶಃ ಮೀನು. ತಪ್ಪು ನನ್ನದೇ, ಬೆಳಿಗ್ಗೆ ಬೇಗ ಪೇಟೆಗೆ ಹೋಗಬೇಕಿತ್ತು. ಮುಂದಿನ ವಾರ ಮೀನು ತಪ್ಪಿಸದೆ ನೋಡುತ್ತೇನೆ.

೨ ಫೆಬ್ರವರಿ

ಮೀನೂ ಅಲ್ಲ. ಮಂಗಳವಾರ ಬಂಗುಡೆ ಇತ್ತು, ಬುಧವಾರ ಕಾಣೆ ಮೀನು. ಕಾಣೆಯ ದಿನ ಬೆಲ್ಟು.

ಇವತ್ತು ಪೂಜೆ ಮುಗಿಸಿ ಕಾಪುವಿಗೆ, ತಂಗಿ ಆಲಿಸಳ ಮನೆಗೆ ಹೋದೆ. ಅವಳು ಬಾಗಿಲು ತೆರೆದು ನನ್ನ ಮುಖ ನೋಡಿ, ಮಕ್ಕಳನ್ನು ಕಡಲ ಕಡೆ ಆಡಲು ಕಳಿಸಿದಳು.

"ಈ ಸಲ ಎಂತ ಮಾಡಿದೆ ನೀನು?"

ಈ ಪ್ರಶ್ನೆ ನನಗೆ ವಿಚಿತ್ರವೆನಿಸಲಿಲ್ಲ. ನಾನೂ ಅದನ್ನೇ ಹುಡುಕುತ್ತಿದ್ದೇನೆ ಎಂದೆ.

"ಗಂಡ ಹೊಡೆದರೆ ಪಾದ್ರಿಗಳಿಗೆ ಹೇಳಬಹುದು, ಬಾಯೆ. ಅಣ್ಣ ಹೊಡೆದರೆ ಯಾರಿಗೆ ಹೇಳುವುದು? ಅವನ ಕಿವಿ ಹೋದದ್ದು ಯಾರಿಗೋಸ್ಕರ? ನಿನಗೆ ಅನ್ನ ಹಾಕ್ಲಿಕ್ಕೆ ಅಲ್ವಾ?"

"ಕಿವಿ ಹೋಗುವ ಮೊದಲೂ ಹೊಡೆಯುತ್ತಿದ್ದ."

"ಇಷ್ಟು ಅಲ್ಲ."

"ಇಷ್ಟು ಅಲ್ಲ," ಎಂದು ಒಪ್ಪಿಕೊಂಡೆ.

"ಕುಡಿಯುವುದರಿಂದ ಎಲ್ಲ. ಕರೇಜ್ಮಾ ಬರ್ತದಲ್ಲ, ನೋಡು, ಕುರಿಮರಿಯ ಹಾಗೆ ಇರ್ತಾನೆ."

ಕರೇಜ್ಮಾ ಎಂದರೆ ಈಸ್ಟರಿಗೆ ಮೊದಲಿನ ಉಪವಾಸದ ಕಾಲ. ಆ ದಿನಗಳಲ್ಲಿ ಎಡ್ಮಂಡ್ ಸಾರಾಯಿ ಮುಟ್ಟುವುದಿಲ್ಲ, ಹುಡುಗನಾಗಿದ್ದಾಗ ಅಮ್ಮನಿಗೆ ಕೊಟ್ಟ ಮಾತು. ಒಂದು ವರ್ಷವೂ ತಪ್ಪಿಸಿಲ್ಲ. ಇದು ನನಗೆ ಹೊಳೆದಿರಲಿಲ್ಲ. ಒಂದು ಸಾಲು ತನ್ನಷ್ಟಕ್ಕೆ ಬದಲಾಗಲಿದೆ, ಉಳಿದದ್ದೆಲ್ಲ ಹಾಗೆಯೇ ಇರುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನೇ ಏರ್ಪಡಿಸಿದರೂ ಆಗುತ್ತಿರಲಿಲ್ಲ.

೧೨ ಫೆಬ್ರವರಿ

ವಿಭೂತಿ ಬುಧವಾರ, ಕರೇಜ್ಮಾದ ಮೊದಲ ದಿನ. ಇಗರ್ಜಿಯಿಂದ ಬಂದವನೇ ಬಾಟಲಿಗಳನ್ನೆಲ್ಲ ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿದ. ಅವನ ಹಣೆಯ ಮೇಲೆ ಬೂದಿಯ ಶಿಲುಬೆ. ನನ್ನ ಹಣೆಯ ಮೇಲೂ.

ಆ ಕೋಣೆಯಲ್ಲಿಯೇ ಕೋರೆಯ ಮದ್ದಿನ ಪೆಟ್ಟಿಗೆ ಇರುವುದು. ಇಡಬಾರದ ಜಾಗ, ಆದರೂ ಇಡುತ್ತಾನೆ. ನಾನು ಆ ಕೋಣೆಗೆ ಹೋಗುವುದಿಲ್ಲ, ಗುಡಿಸುವುದೂ ಇಲ್ಲ. ಪೊರಕೆ ತಾಗಿದರೆ ಎಲ್ಲಿ ಸಿಡಿಯುತ್ತದೋ ಎಂಬ ಭಯ. ಮಧ್ಯಾಹ್ನ ಕೋರೆಯಲ್ಲಿ ಬಂಡೆ ಒಡೆಯುವಾಗ ನಮ್ಮ ಅಡುಗೆಮನೆಯ ಹಂಚಿನಿಂದ ಧೂಳು ಉದುರುತ್ತದೆ. ಅನ್ನದ ಪಾತ್ರೆಗೆ ಮುಚ್ಚಳ ಹಾಕಿಟ್ಟು ಕಾಯುವುದು ಅಭ್ಯಾಸವಾಗಿದೆ.

೨೧ ಫೆಬ್ರವರಿ

ಕುರ್ಚಿ ಎಳೆದ ಸದ್ದಾಯಿತೆಂದು ಹೊಟ್ಟೆಗೆ ಒದ್ದ. ಬಿದ್ದ ಮೇಲೂ ಒದ್ದ. ಬಗ್ಗಿ ನನ್ನ ಮುಖ ನೋಡಿದಾಗ ಅವನ ಬಾಯಿಯಲ್ಲಿ ಸಾರಾಯಿಯ ವಾಸನೆ ಇರಲಿಲ್ಲ. ಶುಂಠಿ ಕಾಫಿಯ ವಾಸನೆ ಇತ್ತು.

ಮೂತ್ರದಲ್ಲಿ ರಕ್ತ.

೨೨ ಫೆಬ್ರವರಿ

ಕ್ಲಾಸಿಗೆ ಹೋಗಲಿಲ್ಲ. ಮಲಗಿದಲ್ಲೇ ಕನಸು. ಮದ್ದಿನ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಹೋಗಿ ಅವನ ಮಂಚದ ಕೆಳಗೆ ಇಡುತ್ತಿದ್ದೆ. ಎಚ್ಚರವಾಗಿ ಬಹಳ ಹೊತ್ತು ಪ್ರಾರ್ಥನೆ ಮಾಡಿದೆ. ಇಂಥದ್ದು ನನ್ನೊಳಗೆ ಎಲ್ಲಿತ್ತು? ನನ್ನ ಮುಖದಲ್ಲಿ ಅವನಿಗೆ ಇದೇ ಕಾಣುತ್ತಿದೆಯೋ ಏನೋ. ಅದಕ್ಕೇ ಹೊಡೆಯುತ್ತಾನೆಯೋ ಏನೋ.

೪ ಮಾರ್ಚ್

ಇವತ್ತು ಹೆಸರುಗಳು ಸರಿಯಾದ ಕ್ರಮದಲ್ಲಿ ಬಂದವು. ಎರಡು ಹೆಸರುಗಳನ್ನು ಹೋಲಿಸಿ, ಹಿಂದೆ ಬರಬೇಕಾದದ್ದು ಮುಂದಿದ್ದರೆ ಸ್ಥಾನ ಬದಲಿಸಬೇಕು. ಬದಲಿಸಲು ಏನೂ ಉಳಿಯದಿದ್ದಾಗ ನಿಲ್ಲಬೇಕು. ನಿಲ್ಲುವುದನ್ನು ನಾವೇ ಹೇಳಿಕೊಡದಿದ್ದರೆ ಅದು ನಿಲ್ಲುವುದೇ ಇಲ್ಲ. ನಿನ್ನೆ ನನ್ನದು ಹಾಗೆ ಓಡುತ್ತಲೇ ಇತ್ತು. ಕೊನೆಗೆ ದೇವದಾಸ ಸ್ವಿಚ್ಚು ಆರಿಸಿದ.

ಕ್ಲಾಸಿನವರ ಹೆಸರುಗಳನ್ನೇ ಕೊಟ್ಟಿದ್ದೆ. ನನ್ನದು ಎಲ್ಲರಿಗಿಂತ ಮೇಲೆ ಬಂತು. ಸಲಾಂ ಕಟ್ಟಕಡೆಗೆ.

"ಶಾಲೆಯಲ್ಲೂ ಹೀಗೇ ಆಂಟಿ," ಎಂದ. "ಮೇಷ್ಟ್ರಿಗೆ ಕಂಪ್ಯೂಟರೇ ಬೇಕಾಗಿರಲಿಲ್ಲ."

ನಾನು ನಕ್ಕೆ. ತುಟಿಯ ಹಳೆಯ ಗಾಯ ಮತ್ತೆ ಬಿಟ್ಟುಕೊಂಡು ಕಾಗದದ ಮೇಲೆ ರಕ್ತದ ಹನಿ ಬಿತ್ತು. ಎಲ್ಲರೂ ಬೇರೆ ಕಡೆ ನೋಡಿದರು.

೧೧ ಮಾರ್ಚ್

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಕೋರೆಯ ಕಲ್ಲು ಕೊಳ್ಳುವ ಅಬ್ದುಲ್ ಹಕೀಂ ಮನೆಗೆ ಬಂದಿದ್ದರು. ಅವರು ಬಿಟ್ಟರೆ ಎಡ್ಮಂಡನ ಕಲ್ಲಿಗೆ ಬೇರೆ ಗಿರಾಕಿ ಇಲ್ಲ. ಕೈ ಆಡಿಸುತ್ತಾ ಮಾತಾಡುವ ಮನುಷ್ಯ. ಜಗಲಿಯಲ್ಲಿ ಅವರು ಕುಳಿತದ್ದು ಎಡ್ಮಂಡನ ಎಡಗಡೆ, ಕಿವುಡು ಕಿವಿಯ ಕಡೆ. ನಾನು ಚಹಾ ತಂದಿಟ್ಟೆ.

ಮಾತಿನ ನಡುವೆ ಹಕೀಂ ಸಾಹೇಬರ ಕೈ ತಾಗಿ ಲೋಟ ಎಡ್ಮಂಡನ ತೊಡೆಯ ಮೇಲೆ ಮಗುಚಿತು. ಕುದಿಯುವ ಚಹಾ. ಎಡ್ಮಂಡ್ ಎದ್ದು ನಿಂತ. ನಾನು ಗೋಡೆಗೆ ಸರಿದೆ. ಯಾಕೆ ಸರಿದೆನೋ, ಚೆಲ್ಲಿದ್ದು ನಾನಲ್ಲ.

"ಅಯ್ಯೋ ಪೊರ್ಬುಗಳೇ, ಸುಟ್ಟಿತಾ ಮಾರಾಯ್ರೇ?"

"ಎಂತ ಇಲ್ಲ ಸಾಹೇಬ್ರೇ," ಎಂದು ಎಡ್ಮಂಡ್ ನಕ್ಕ. "ಈ ಪ್ಯಾಂಟಿಗೆ ಚಹಾ ಕುಡಿಯದೆ ಬಹಳ ದಿನ ಆಗಿತ್ತು."

ಇಬ್ಬರೂ ನಕ್ಕರು. ಆಮೇಲೆ ಹಕೀಂ ಸಾಹೇಬರು ಅದೇ ಕಿವಿಯ ಕಡೆಯಿಂದ, ಕಲ್ಲಿನಲ್ಲಿ ಬಿರುಕು ಉಂಟು, ಈ ಸಲದ ಲೋಡು ಬೇಡ ಎಂದರು. ಎಡ್ಮಂಡನಿಗೆ ಕೇಳಿಸಲಿಲ್ಲ. ಕತ್ತು ತಿರುಗಿಸಿ, "ಕ್ಷಮಿಸಿ ಸಾಹೇಬ್ರೇ, ಈ ಕಿವಿ ಸ್ವಲ್ಪ ಮಂದ, ಇನ್ನೊಮ್ಮೆ ಹೇಳಿ," ಎಂದ. ಅವರು ಇನ್ನೊಮ್ಮೆ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿದ. ಗೇಟಿನವರೆಗೆ ಕಳಿಸಿಕೊಟ್ಟು ಬಂದ.

ಒಳಗೆ ಬಂದು, ಚಹಾ ಅಷ್ಟು ಬಿಸಿ ಯಾಕೆ ಮಾಡಿದೆ ಎಂದು ಕೇಳಿ, ಪಾತ್ರೆಯಲ್ಲಿ ಉಳಿದಿದ್ದನ್ನು ನನ್ನ ಕುತ್ತಿಗೆಯ ಮೇಲೆ ಹೊಯ್ದ.

ಅದೇ ಕಿವಿ. ಅದೇ ಚಹಾ. ಬಾಯಿಯಲ್ಲಿ ಸಾರಾಯಿ ಇಲ್ಲ. ಇದನ್ನು ಸಮಾಧಾನದಿಂದ ಇನ್ನೊಮ್ಮೆ ಕೈಯಲ್ಲಿ ಓಡಿಸಿ ನೋಡಬೇಕು. ಈಗ ಕುತ್ತಿಗೆಗೆ ಏನಾದರೂ ಹಚ್ಚಬೇಕು.

೧೮ ಮಾರ್ಚ್

ಎಡಗೈ ಬರಹ. ಓರೆಕೋರೆ.

ಆಲಿಸಳಿಗೆ ಮಾತ್ರ ಹೇಳಿದ್ದೆ. ಅವಳು ಅವನಿಗೆ ಹೇಳಿದ್ದಾಳೆ, ಕೆಲಸ ಸಿಕ್ಕಿದರೆ ನಾನು ಬೇರೆ ಹೋಗುತ್ತೇನೆಂದು. ಒಳ್ಳೆಯದಕ್ಕೇ ಹೇಳಿರಬೇಕು.

ಬಾವಿಕಟ್ಟೆಯ ಮೇಲೆ ನನ್ನ ಬಲಗೈ ಇಟ್ಟು ಮೊಣಕಾಲಿನಿಂದ ಒತ್ತಿ ಹಿಡಿದ. ಕೋರೆಯ ಸಣ್ಣ ಸುತ್ತಿಗೆ. ತೋರುಬೆರಳು, ನಡುಬೆರಳು. ಕಲ್ಲು ಕೆತ್ತುವವನ ಹಾಗೆ ನೋಡಿ ನೋಡಿ ಹೊಡೆದ. ಸಿಟ್ಟಿನಲ್ಲಿದ್ದವನ ಉಸಿರಾಟ ಅದಲ್ಲ.

"ಈಗ ಟೈಪ್ ಮಾಡು," ಎಂದ.

೧೯ ಮಾರ್ಚ್

ಕಾರ್ಕಳದ ಆಸ್ಪತ್ರೆಯಲ್ಲಿ ಬೆರಳುಗಳಿಗೆ ಪಟ್ಟಿ ಕಟ್ಟಿದ ನರ್ಸಿನ ಹೆಸರು ಪ್ರೆಸಿಲ್ಲಾ. ದೊಡ್ಡ ಹೆಂಗಸು, ದೊಡ್ಡ ಸ್ವರ. ಉಡುಪಿಯ ಕಡಿಯಾಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳಂತೆ.

"ಹೇಗಾಯ್ತು?"

"ಬಾಗಿಲಿಗೆ ಸಿಕ್ಕಿತು."

"ಕುತ್ತಿಗೆ?"

"ಚಹಾ ಬಿತ್ತು."

"ಚಹಾ ಹೊಯ್ಯುವ ಬಾಗಿಲು ನಾನು ನೋಡಿಲ್ಲ ಮಾರಾಯ್ತಿ. ಆ ಬಾಗಿಲಿಗೆ ಒಂದು ಹೆಸರು ಉಂಟಾ?"

ಪಟ್ಟಿ ಬಿಗಿಯುವಾಗ ಕೂಗಿದೆ. ಅವಳು ಕೈ ಬಿಡಲಿಲ್ಲ. ಮುಗಿದ ಮೇಲೆ, ತನ್ನ ತಂಗಿ ಕುವೈಟಿಗೆ ಹೋದ ಮೇಲೆ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದಳು. "ದೇವಸ್ಥಾನದ ಗಂಟೆ ಬೆಳಿಗ್ಗೆ ಬೇಗ ಎಬ್ಬಿಸ್ತದೆ. ಅಷ್ಟೇ ತೊಂದರೆ."

೨೪ ಮಾರ್ಚ್

ಎಡಗೈಯ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಇಪ್ಪತ್ತು ವರ್ಷ ಮಕ್ಕಳಿಗೆ ಹತ್ತು ಬೆರಳು ಬಳಸಿ ಎಂದು ಕಲಿಸಿದವಳು. ಸಲಾಂ ಪಕ್ಕಕ್ಕೆ ಬಂದ.

"ನೀವು ಹೇಳಿ ಆಂಟಿ, ನಾನು ಒತ್ತುತ್ತೇನೆ."

"ಬೇಡ ಮಗಾ."

"ಯಾರು ಮಾಡಿದ್ದು ಅಂತ ಹೇಳಿ. ನಾವು ನಾಲ್ಕು ಜನ ಕಾರ್ಕಳಕ್ಕೆ ಬರ್ತೇವೆ."

ಅದೂ ಬೇಡ ಎಂದೆ. ನಾಲ್ಕು ಜನ ಬಂದರೆ ಹೇಗಿರುತ್ತದೆ ಎಂದು ಬಸ್ಸಿನಲ್ಲಿ ಕುಳಿತು ಚಿತ್ರಿಸಿಕೊಂಡೆ. ಅವರನ್ನು ಕಂಡ ಕೂಡಲೇ ಎಡ್ಮಂಡ್ ನಗುತ್ತಿದ್ದ. ಕುರ್ಚಿ ಹಾಕುತ್ತಿದ್ದ. ಚಹಾ ತರಲು ನನಗೆ ಹೇಳುತ್ತಿದ್ದ.

ದೇವದಾಸ ತನ್ನ ಊಟದ ಹೊತ್ತಿನ ಯಂತ್ರವನ್ನು ನನಗೆ ಬಿಟ್ಟುಕೊಟ್ಟ.

ಸಂಜೆ ಅವನು ಮೊಳೆಗೆ ತೂಗುಹಾಕಿದ್ದ ಬೀಗದಕೈ ತೆಗೆದುಕೊಂಡು ಹಿಂದಿನ ಕೋಣೆ ಗುಡಿಸಿದೆ. ತುಂಬಾ ಧೂಳು ಇತ್ತು. ಪೆಟ್ಟಿಗೆಯನ್ನು ಸರಿಸಿ ಅದರ ಅಡಿಯನ್ನೂ ಗುಡಿಸಿದೆ. ನಾನು ಎಣಿಸಿದಷ್ಟು ಭಾರವಿಲ್ಲ.

೩೦ ಮಾರ್ಚ್

ಈಸ್ಟರ್. ಮಧ್ಯಾಹ್ನಕ್ಕೆ ಬೀಗ ತೆಗೆದು ಬಾಟಲಿ ಹೊರಗೆ ತಂದ. ಬೆನ್ನಿಗೆ ಬೆಲ್ಟು, ಬಕಲಿನ ತುದಿ. ಉಪವಾಸದಲ್ಲಿ ಬಿದ್ದ ಏಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಕುಡಿದಾಗ ಗುರಿ ತಪ್ಪುತ್ತದೆ, ಅಷ್ಟೇ.

ಪೆಟ್ಟು ಬೀಳುವಾಗ ಪರೀಕ್ಷೆಯ ಪ್ರೊಗ್ರಾಮನ್ನು ಮನಸ್ಸಿನಲ್ಲಿ ಮೊದಲಿನಿಂದ ಓಡಿಸುತ್ತಿದ್ದೆ. ಎಲ್ಲೂ ನಿಲ್ಲಲಿಲ್ಲ.

೧ ಏಪ್ರಿಲ್

ಪ್ರೆಸಿಲ್ಲಾಳ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಎಡಗೈಯಲ್ಲಿ ಕತ್ತಿ ಹಿಡಿದು ತೆಂಗಿನಕಾಯಿ ಒಡೆಯುತ್ತಿದ್ದೆ. ಪರೀಕ್ಷೆಗೆ ಹೊರಡುವ ಮೊದಲು ಅವನ ಮಧ್ಯಾಹ್ನದ ಅಡುಗೆ ಮಾಡಿಡುವುದಕ್ಕಾಗಿ. ಚೀಲ ಜಗಲಿಯ ಮೇಲಿತ್ತು. ಅವನು ಅದನ್ನು ನೋಡಿದ. ಒಳಗೆ ಹೋಗಿ ಸುತ್ತಿಗೆ ತಂದ.

"ಆ ಕೈಯನ್ನೂ ಕೊಡು," ಎಂದ.

ಉಪ್ಪು ಕೇಳುವ ಸ್ವರದಲ್ಲಿ.

ನಾನು ಎದ್ದು ಅವನ ಎಡಗಡೆಗೆ ಹೋಗಿ ನಿಂತೆ. ಯಾಕೆ ಆ ಕಡೆಗೇ ಹೋದೆ ಎಂದು ಗೊತ್ತಿಲ್ಲ. ಅಲ್ಲಿಂದ ಅವನ ಕಿವಿಯ ಕೆಳಗೆ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಕತ್ತಿ ಅಲ್ಲಿಗೆ ಎಂದು ಆಗಲೇ ಗುರಿ ಇಟ್ಟುಕೊಂಡಿದ್ದೆ. ಎಡಗೈಯಾದರೂ ತಪ್ಪುತ್ತಿರಲಿಲ್ಲ, ಅಷ್ಟು ಹತ್ತಿರ. ಕತ್ತಿ ಎತ್ತಿ ಹಿಡಿದು, ಕೂಗದೆ, ಆ ಕಿವುಡು ಕಿವಿಗೆ, "ಬಾ, ತೆಗೆದುಕೋ," ಎಂದೆ.

ಅವನು ಒಂದು ಹೆಜ್ಜೆ ಇಟ್ಟಿದ್ದರೆ ಕಡಿಯುತ್ತಿದ್ದೆ. ಇದರಲ್ಲಿ ನನಗೆ ಸಂಶಯವಿಲ್ಲ.

ಅವನು ನಿಂತ. ಸುತ್ತಿಗೆಯನ್ನು ಬಾವಿಕಟ್ಟೆಯ ಮೇಲೆ ಇಟ್ಟ. ಮಗು ಮಲಗಿದ ಮನೆಯಲ್ಲಿ ಇಡುವಂತೆ, ಸದ್ದಿಲ್ಲದೆ. ಇಷ್ಟು ಮೆಲ್ಲಗೆ ಒಂದು ವಸ್ತುವನ್ನು ಇಡಲು ಅವನಿಗೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

"ಆಂಜೆಲಾ," ಎಂದ. "ಕೆಳಗಿಡು."

ನಾನು ಇಡಲಿಲ್ಲ. ಸುತ್ತಿಗೆಯನ್ನು ಕಾಲಿನಿಂದ ತಳ್ಳಿ ಬಾವಿಗೆ ಬೀಳಿಸಿದೆ. ಚೀಲ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದೆ. ಬಸ್ಸು ಬಂದಾಗ ಕಂಡಕ್ಟರ್, "ಅಕ್ಕ, ಕತ್ತಿ ಚೀಲದೊಳಗೆ ಹಾಕಿ," ಎಂದ ಮೇಲೆಯೇ ಅದು ಇನ್ನೂ ಕೈಯಲ್ಲಿದೆ ಎಂದು ತಿಳಿದದ್ದು.

ಪರೀಕ್ಷೆ ಬರೆದೆ. ಒಂದು ಬೆರಳು ಸಾಕಾಯಿತು.

ಈಗ ಯೋಚಿಸಿದರೆ, ಅವನು ಕತ್ತಿ ನೋಡಿ ನಿಂತನೋ ನನ್ನ ಮಾತು ಹೇಗೋ ಕೇಳಿಸಿ ನಿಂತನೋ ಹೇಳಲಾರೆ. ಒಂದೇ ಸಲಕ್ಕೆ ಎರಡನ್ನೂ ಬದಲಾಯಿಸಿದೆ. ದೇವದಾಸನಿಗೆ ಗೊತ್ತಾದರೆ ಬಯ್ಯುತ್ತಾನೆ.

೧೩ ಏಪ್ರಿಲ್

ಆಲಿಸ್ ಬಂದಿದ್ದಳು. ಚಪ್ಪಲಿಯನ್ನೂ ಕಳಚದೆ ಬಾಗಿಲಲ್ಲೇ ನಿಂತು ಕೇಳಿದಳು.

"ಅವನಿಗೆ ಅಡುಗೆ ಯಾರು ಮಾಡುವುದು?"

"ಗೊತ್ತಿಲ್ಲ."

"ಇನ್ನು ಮುಟ್ಟುವುದಿಲ್ಲ ಅಂತಾನೆ. ಯಾಕೆ ಹಾಗೆ ಮಾಡ್ತೇನೆ ಅಂತ ನನಗೇ ಗೊತ್ತಿಲ್ಲ ಅಂತ ಅಳ್ತಾನೆ, ಬಾಯೆ. ನೀನೇ ಬಂದು ಸಮಾಧಾನದಲ್ಲಿ ಕೇಳಬೇಕು."

ಒಲೆಯ ಮೇಲೆ ಹಾಲು ಉಕ್ಕುವ ಹಾಗಿತ್ತು. ಒಳಗೆ ಹೋದೆ. ಹೊರಗೆ ಬರುವಾಗ ಅವಳು ಗೇಟಿನಲ್ಲಿದ್ದಳು. ಬೆಲ್ಲದ ಕಾಫಿ ಅವಳಿಗೆ ಇಷ್ಟ, ಕುಡಿದು ಹೋಗಬಹುದಿತ್ತು.

೧೬ ಏಪ್ರಿಲ್

ಆಸ್ಪತ್ರೆಯ ಕೆಲಸ ಸಿಕ್ಕಿ ಇವತ್ತು ಮೂರನೆಯ ದಿನ. ಇಲ್ಲಿಯ ಯಂತ್ರ ಕ್ಲಾಸಿನದಕ್ಕಿಂತ ದೊಡ್ಡದು, ಸದ್ದೂ ಹೆಚ್ಚು. ಪ್ರಿಂಟರು ಓಡುವಾಗ ಮೇಜು ನಡುಗುತ್ತದೆ. ಮೊದಲ ದಿನ ಗೋಡೆಗೆ ಸರಿದಿದ್ದೆ, ಇವತ್ತು ಇಲ್ಲ.

ಬೆಳಿಗ್ಗೆ ರೋಗಿಗಳ ಹೆಸರುಗಳೆಲ್ಲ ತಲೆಕೆಳಗಾಗಿ ಬಂದವು. ಕೊನೆಯವರು ಮೊದಲು, ಮೊದಲಿನವರು ಕೊನೆಗೆ. ಗುಮಾಸ್ತರು ಬಂದು, ಯಂತ್ರ ಹಾಳಾಯಿತಾ ಎಂದರು. ಯಂತ್ರದ್ದಲ್ಲ ಎಂದೆ. ಕಾಗದ ತೆಗೆದು ಮೊದಲಿನಿಂದ ಕೈಯಲ್ಲಿ ಓಡಿಸಿದೆ. ಎಂಬತ್ತನೆಯ ಸಾಲಿನಲ್ಲಿ ದೊಡ್ಡದು-ಚಿಕ್ಕದು ಹೋಲಿಸುವ ಚಿಹ್ನೆಯ ಬಾಯಿ ಆಚೆ ಕಡೆ ತಿರುಗಿತ್ತು.

ತಪ್ಪು ನನ್ನದೇ. ತಿದ್ದಿದೆ. ಸರಿಯಾಯಿತು. ಊಟಕ್ಕೆ ಪ್ರೆಸಿಲ್ಲಾ ಬಂಗುಡೆ ಹುರಿದು ಕಟ್ಟಿಕೊಟ್ಟಿದ್ದಳು, ಉಪ್ಪು ಸ್ವಲ್ಪ ಹೆಚ್ಚು.